ದೋಷಪಟ್ಟಿಯ ದೋಷಗಳು

ಮೋಟಾರ್ ಸೈಕಲ್ ಕೈಪಿಡಿಗಳ ಕೊನೆಯ ಪುಟಗಳಲ್ಲಿ, ದುರಸ್ತಿ ಕಲಿಸುವ ಪುಸ್ತಕಗಳಲ್ಲಿ ಒಂದು ಪಟ್ಟಿ ಇರುವುದನ್ನು ನೀವು ಗಮನಿಸಿರಬಹುದು. ಅದರಲ್ಲಿ ಮೂರು ಅಂಕಣಗಳು: ಲಕ್ಷಣ, ಕಾರಣ, ಪರಿಹಾರ. 'ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ' ಎಂಬುದರ ಎದುರು ಪ್ಲಗ್, ಪಾಯಿಂಟ್, ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಂದು ಸಾಲುಸಾಲು ಕಾರಣಗಳು. ಎಲ್ಲದಕ್ಕೂ ಪರಿಹಾರ ಒಂದೇ: 'ಶುಚಿಗೊಳಿಸಿ, ಇಲ್ಲವೇ ಬದಲಿಸಿ.' ಪಟ್ಟಿ ನೋಡಲು ಅಚ್ಚುಕಟ್ಟು. ಆದರೆ ಅದು ದೋಷವನ್ನು ಹುಡುಕುವ ವಿಧಾನವನ್ನು ಕಲಿಸುತ್ತದೆಯೇ?

ಪರೀಕ್ಷೆಗೆ ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಮೋಟಾರ್ ಸೈಕಲ್‌ಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳನ್ನು ಜೋಪಾನವಾಗಿ ಓಡಿಸುತ್ತಿರುವವರು ಇಂದಿಗೂ ಇದ್ದಾರೆ. ಹಳೆಯ ಮಾದರಿಗಳಲ್ಲಿ 6 ವೋಲ್ಟ್ ಬ್ಯಾಟರಿ, ಅದನ್ನು ಚಾರ್ಜ್ ಮಾಡಲು ಒಂದು ಡೈನಮೊ ಇರುತ್ತವೆ.

ಇಲ್ಲಿ ಕಿಡಿ ಹುಟ್ಟುವುದು ಬ್ಯಾಟರಿಯ ಬಲದಿಂದ. ಪಾಯಿಂಟ್‌ಗಳು ತೆರೆದ ಕ್ಷಣ ಕಾಯಿಲ್‌ನ ಪ್ರಾಥಮಿಕ ಸುರುಳಿಯಲ್ಲಿ ಪ್ರವಾಹ ಕಡಿಯುತ್ತದೆ. ಆಗ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಪ್ರೇರಿತವಾಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಡೈನಮೊ ಬ್ಯಾಟರಿಯನ್ನು ತುಂಬುತ್ತದೆ. ಹೀಗೆ ಸ್ಟಾರ್ಟಿಂಗ್ ಮತ್ತು ಚಾರ್ಜಿಂಗ್ ಒಂದೇ ಚಕ್ರದ ಎರಡು ಅರ್ಧಗಳು. ಪಟ್ಟಿಯಾದರೋ ಇವನ್ನು ಎರಡು ಬೇರೆ ಬೇರೆ ತೊಂದರೆಗಳೆಂದು ಎರಡು ಕಡೆ ಬರೆಯುತ್ತದೆ. ಇದು ಅದರ ಮೊದಲ ದೋಷ.

ಈ ದೋಷದ ಬೆಲೆಯನ್ನು ನಾನೇ ತೆತ್ತಿದ್ದೇನೆ. ನಮ್ಮ ಮನೆಯ ಹಳೆಯ ಗಾಡಿ ಎಷ್ಟು ಕಿಕ್ ಹೊಡೆದರೂ ಏಳದಾದಾಗ ಪಟ್ಟಿಯನ್ನು ನಂಬಿ ಬ್ಯಾಟರಿ ಬದಲಿಸಿದೆ. ಮೊದಲ ಕಿಕ್‌ಗೇ ಎಂಜಿನ್ ಎದ್ದಿತು. ಕಾರಣ ಸಿಕ್ಕಿತೆಂದು ಸಂತೋಷಪಟ್ಟೆ. ಎರಡು ವಾರಗಳಲ್ಲಿ ಹೊಸ ಬ್ಯಾಟರಿಯೂ ಖಾಲಿ! ಬ್ಯಾಟರಿ ಬತ್ತಿದ್ದು ನಿಜ. ಆದರೆ ಅದು ಪರಿಣಾಮವೇ ಹೊರತು ಕಾರಣವಲ್ಲ. 'ಬದಲಿಸಿದ ಮೇಲೆ ಸರಿಹೋಯಿತು, ಆದ್ದರಿಂದ ಅದೇ ಕಾರಣ' ಎಂಬ ತರ್ಕ ಎಷ್ಟು ಸುಲಭವಾಗಿ ಮೋಸಗೊಳಿಸುತ್ತದೆ ನೋಡಿ.

ಎರಡನೆಯ ದೋಷ ಇನ್ನೂ ದೊಡ್ಡದು. ಇಂಥ ಪಟ್ಟಿ ಅಳತೆಯನ್ನು ಕೇಳುವುದಿಲ್ಲ. ಪೂರ್ಣ ಚಾರ್ಜ್ ಆದ 6 ವೋಲ್ಟ್ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 6.3 ವೋಲ್ಟ್ ತೋರಿಸುತ್ತದೆ. ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಅದು 7 ವೋಲ್ಟ್‌ನ ಆಸುಪಾಸಿಗೆ ಏರಬೇಕು. ಏರದಿದ್ದರೆ ಚಾರ್ಜ್ ಬರುತ್ತಿಲ್ಲ. ಈ ಒಂದೇ ಅಳತೆ ಪಟ್ಟಿಯ ಅರ್ಧ ಕಾರಣಗಳನ್ನು ಹೊಡೆದುಹಾಕುತ್ತದೆ. ಇದರ ಬದಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿ, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವ ರೂಢಿಯೊಂದಿದೆ. ಅದು ಪರೀಕ್ಷೆಯಲ್ಲ, ಅಪಾಯ. ಬ್ಯಾಟರಿಯ ಹಿಡಿತವಿಲ್ಲದೆ ವೋಲ್ಟೇಜ್ ಏರಿ ಬಲ್ಬುಗಳು ಸುಟ್ಟುಹೋಗಬಹುದು. ಆಲ್ಟರ್ನೇಟರ್ ಇರುವ ಗಾಡಿಗಳಲ್ಲಿ ರೆಕ್ಟಿಫೈಯರ್ ಕೂಡ ಹಾಳಾಗಬಹುದು.

ಮೂರನೆಯದು, ಪಟ್ಟಿ ಹೆಸರಿಸುವುದು ಭಾಗಗಳನ್ನು ಮಾತ್ರ. ಭಾಗಗಳ ನಡುವಿನ ಸಂಪರ್ಕಗಳು ಅದಕ್ಕೆ ಕಾಣುವುದೇ ಇಲ್ಲ. 36 ವಾಟ್ ದೀಪ 6 ವೋಲ್ಟ್‌ನಲ್ಲಿ 6 ಆಂಪೇರ್ ಎಳೆಯುತ್ತದೆ. ತುಕ್ಕು ಹಿಡಿದ ಒಂದು ಜೋಡಣೆಯ ರೋಧ ಕೇವಲ 0.1 ಓಮ್ ಎಂದಿಟ್ಟುಕೊಳ್ಳಿ. ಅಲ್ಲಿ 0.6 ವೋಲ್ಟ್, ಅಂದರೆ ಹತ್ತರಲ್ಲಿ ಒಂದು ಪಾಲು, ನಷ್ಟವಾಗುತ್ತದೆ. ಅಷ್ಟೇ ವಾಟ್‌ನ ದೀಪಕ್ಕೆ 12 ವೋಲ್ಟ್‌ನಲ್ಲಿ 3 ಆಂಪೇರ್ ಸಾಕು. ಆಗ ನಷ್ಟ 0.3 ವೋಲ್ಟ್, ಶೇಕಡ 2.5 ಮಾತ್ರ. ಹಳೆಯ 6 ವೋಲ್ಟ್ ಗಾಡಿಗಳು ಸಣ್ಣ ಕೊಳೆಗೂ ಮುನಿಸಿಕೊಳ್ಳುವುದು ಇದರಿಂದಲೇ. ನನ್ನ ಗಾಡಿಯಲ್ಲೂ ಅಷ್ಟೇ. ಹೊಸದಾಗಿ ಬಣ್ಣ ಹೊಡೆಸಿದಾಗ ಅರ್ತ್ ತಂತಿಯ ಬೋಲ್ಟ್ ಬಣ್ಣದ ಮೇಲೆಯೇ ಕೂತಿತ್ತು. ದೀಪ ಹಾಕಿ, ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ, ಇನ್ನೊಂದನ್ನು ಎಂಜಿನ್ನಿಗೆ ತಾಗಿಸಿದಾಗ ಸೊನ್ನೆಯ ಸಮೀಪ ಇರಬೇಕಾದ ಅಳತೆ ಸುಮಾರು ಒಂದು ವೋಲ್ಟ್ ತೋರಿಸಿತು. ಒಂದು ತುಂಡು ಉಪ್ಪುಕಾಗದದಿಂದ ದುರಸ್ತಿ ಮುಗಿಯಿತು.

'ಡೈನಮೊ ಬದಲಿಸಿ' ಎಂಬ ಸಲಹೆಯನ್ನೂ ಹೀಗೆಯೇ ಪ್ರಶ್ನಿಸಬೇಕು. ಈ ಡೈನಮೊದಲ್ಲಿ ಶಾಶ್ವತ ಕಾಂತವಿಲ್ಲ. ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತೆಯಿಂದ ಸ್ವಲ್ಪ ವಿದ್ಯುತ್ ಹುಟ್ಟಿ, ಅದು ಕ್ಷೇತ್ರ ಸುರುಳಿಗಳಲ್ಲಿ ಹರಿದು ಕಾಂತತೆಯನ್ನು ಬೆಳೆಸುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ಉಳಿಕೆ ಕಾಂತತೆ ಕ್ಷೀಣಿಸಿರಬಹುದು. ಸರಿಯಾದ ದಿಕ್ಕಿನಲ್ಲಿ ಕ್ಷಣಕಾಲ ಬ್ಯಾಟರಿಯ ಪ್ರವಾಹ ಹಾಯಿಸಿದರೆ ಡೈನಮೊ ಮತ್ತೆ ಜೀವ ತಳೆಯುತ್ತದೆ. ಕಾರ್ಬನ್ ಬ್ರಷ್ ಸವೆದಿದ್ದರೂ ಲಕ್ಷಣ ಅದೇ. ಇಡೀ ಡೈನಮೊ ಎಸೆಯುವ ಮುನ್ನ ಇವೆರಡನ್ನು ನೋಡಬೇಡವೇ?

ದೋಷಪಟ್ಟಿ ಪೂರ್ತಿ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ರಾತ್ರಿ ದಾರಿಯಲ್ಲಿ ಗಾಡಿ ಕೆಟ್ಟಾಗ ಮರೆತದ್ದನ್ನು ಅದು ನೆನಪಿಸುತ್ತದೆ. ಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸತ್ತ್ವವಿಲ್ಲದ ಬ್ಯಾಟರಿಯೂ ಹೊರೆಯಿಲ್ಲದಾಗ 6.3 ವೋಲ್ಟ್ ತೋರಿಸಿ, ದೀಪ ಹಾಕಿದೊಡನೆ ಕುಸಿಯಬಹುದು. ಏನನ್ನು, ಯಾವ ಸ್ಥಿತಿಯಲ್ಲಿ ಅಳೆಯುತ್ತಿದ್ದೇವೆ ಎಂಬ ಅರಿವು ಬೇಕು. ಮೂರು ಅಂಕಣಗಳ ಪಟ್ಟಿಗೆ 'ಪರೀಕ್ಷೆ' ಎಂಬ ನಾಲ್ಕನೆಯ ಅಂಕಣ ಸೇರಿದರೆ ಅದರ ಬಹುಪಾಲು ಕೊರತೆ ನೀಗುತ್ತದೆ.

ಶಿಕ್ಷಕರಲ್ಲಿ ಒಂದು ಸೂಚನೆ. ಓಮನ ನಿಯಮವನ್ನು ಪಾಠ ಮಾಡಿದ ಮರುದಿನ ಒಂದು ಹಳೆಯ ಮೋಟಾರ್ ಸೈಕಲನ್ನು ಶಾಲೆಯ ಅಂಗಳಕ್ಕೆ ತನ್ನಿ. ಬ್ಯಾಟರಿಯಲ್ಲಿ ಗಂಧಕಾಮ್ಲವಿದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಆದ್ದರಿಂದ ಬೆಂಕಿ ದೂರವಿರಲಿ. ಬಿಚ್ಚುವ ಸ್ಪ್ಯಾನರ್ ನಿಮ್ಮ ಕೈಯಲ್ಲಿರಲಿ, ಮೀಟರ್ ಮಕ್ಕಳ ಕೈಯಲ್ಲಿರಲಿ. ನಾಲ್ಕನೆಯ ಅಂಕಣವನ್ನು ಅವರೇ ತುಂಬಲಿ.