ಎರಿಮಣ್ಣಿನ ಗುಲಾಬಿಗೆ ಬದುವಿನ ಹೂವು

ಆಲಮಟ್ಟಿಯ ಉದ್ಯಾನಗಳಲ್ಲಿ ಮೊಘಲ್ ತೋಟವಿದೆ, ಇಟಾಲಿಯನ್ ತೋಟವಿದೆ, ಫ್ರೆಂಚ್ ತೋಟವೂ ಇದೆ. ನಮ್ಮ ಡೋಣಿ ಹೊಳೆಯ ಸೀಮೆಯ ಹೆಸರಿನದೊಂದು ನನಗೆ ಕಂಡಿಲ್ಲ. ಕೃಷ್ಣೆಯ ನೀರು ಪಕ್ಕದಲ್ಲೇ ಇರುವಾಗ ಯಾವ ತೋಟವಾದರೂ ನಿಲ್ಲುತ್ತದೆ. ನೋಡಿ ಬಂದವರು ಇಂಡಿಯಲ್ಲೋ ಸಿಂದಗಿಯಲ್ಲೋ ಮನೆ ಮುಂದೆ ಅದನ್ನೇ ಮಾಡಹೋಗುತ್ತಾರೆ. ತುಂಬೆ, ಉತ್ತರಾಣಿಗಳನ್ನು ಕಸವೆಂದು ಕಿತ್ತು, ನೆಲ ಬೋಳು ಮಾಡಿ, ನರ್ಸರಿಯ ಕಸಿ ಗುಲಾಬಿ ನೆಡುತ್ತಾರೆ. ನನ್ನ ತಕರಾರು ಆ ಬೋಳು ನೆಲದ ಬಗ್ಗೆ.

ಎರಿಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಸುಣ್ಣದಂಶ ಹೆಚ್ಚಿದ್ದ ಕಡೆ ಕಬ್ಬಿಣ ಮಣ್ಣಲ್ಲಿದ್ದರೂ ಗಿಡಕ್ಕೆ ದಕ್ಕದು. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಇಂಡಿಯ ಲಿಂಬೆ ಬೆಳೆಗಾರರಿಗೆ ಈ ಲಕ್ಷಣ ಹೊಸದಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಡೋಣಿ ದಂಡೆಯಲ್ಲಿ ಉಪ್ಪಿನ ಕಾಟ ಬೇರೆ. ನೆಲಕ್ಕೆ ಹೊದಿಕೆಯಿಲ್ಲದಿದ್ದರೆ ಬಿರುಕೂ ಹೆಚ್ಚು, ಮೇಲೇಳುವ ಉಪ್ಪೂ ಹೆಚ್ಚು.

ಗುಲಾಬಿಯ ಜೊತೆ ಕಾಡುಹೂವು ಬೆಳೆಸುವ ರೂಢಿಯನ್ನು ಈ ಕಾರಣಕ್ಕೇ ನಾನು ಒಪ್ಪುತ್ತೇನೆ. ಆದರೆ ಇಂಗ್ಲೆಂಡಿನ ತೋಟದ ಚಿತ್ರ ನೋಡಿ ಗುಲಾಬಿಯ ಬುಡದಲ್ಲೇ ಎಲ್ಲವನ್ನೂ ತುರುಕುವುದನ್ನಲ್ಲ. ನಮ್ಮ ಹೂಗಳು ಒಣ ನೆಲದವು, ಗುಲಾಬಿ ನೀರು ಬೇಡುವ ಗಿಡ. ಹೊನ್ನಾವರಿಕೆಯ ಜಾಗ ಮಡಿಯ ಹೊರಗೆ, ಬಿಸಿಗಾಳಿ ಬರುವ ದಿಕ್ಕಿಗೆ. ಬರಗಾಲದಲ್ಲೂ ಹಳದಿ ಹೂ ಬಿಡುವ ಅದಕ್ಕಿಂತ ಒಳ್ಳೆಯ ಬೇಲಿ ಸಿಗದು. ದ್ವಿದಳ ಕುಟುಂಬದ್ದು, ಸಾರಜನಕ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಬೇರಿಗೆ ಸಾರಜನಕದ ಗಂಟು ಕಟ್ಟುವುದಿಲ್ಲ. ನೆಲಕ್ಕಂಟಿ ಹಬ್ಬುವ ವಿಷ್ಣುಕ್ರಾಂತಿ ಮಡಿಯ ಅಂಚಿಗೆ ಸರಿ. ತುಂಬೆಯಂತೂ ಇರಲೇಬೇಕು: ಎಸಳು ಕಿಕ್ಕಿರಿದ ಹೈಬ್ರಿಡ್ ಗುಲಾಬಿಯಲ್ಲಿ ಜೇನಿಗೆ ಸಿಗುವುದು ಅಷ್ಟಕ್ಕಷ್ಟೆ, ತುಂಬೆಯಲ್ಲಿ ಧಾರಾಳ. ಇಂಥ ಗಿಡಗಳ ಆಸರೆಯಿದ್ದರೆ ಚಿಗುರಿಗೆ ಮುತ್ತುವ ಹೇನನ್ನು ತಿನ್ನುವ ಗುಲಗಂಜಿ ಹುಳವೂ ಉಳಿಯುತ್ತದೆ. ಔಷಧ ಹೊಡೆದರೆ ಎರಡೂ ಹೋಗುತ್ತವೆ.

ತಾನಾಗಿ ಬೆಳೆದದ್ದೆಲ್ಲ ನಮ್ಮದೂ ಅಲ್ಲ. ಲಂಟಾನ ಅಮೆರಿಕದಿಂದ ಬಂದದ್ದು. ಚೆಂಡುಹೂವೂ ಮೆಕ್ಸಿಕೋದ್ದೇ, ಆದರೆ ಅದರ ಬೇರು ಮಣ್ಣಿನ ಜಂತುಹುಳಗಳನ್ನು ತಗ್ಗಿಸುತ್ತದೆ, ದೀಪಾವಳಿಗೂ ಬೇಕು, ಹಾಗಾಗಿ ಇರಲಿ.

ಈ ಜೋಡಣೆಯಲ್ಲಿ ಎಲ್ಲರೂ ಮರೆಯುವುದು ಗುಲಾಬಿಯ ತಳಿಯನ್ನೇ. ಕೊಡೈಕೆನಾಲಿನ ವೀರು ವೀರರಾಘವನ್ ಭಾರತದ್ದೇ ಕಾಡುಗುಲಾಬಿಯಾದ ರೋಸಾ ಕ್ಲೈನೊಫಿಲ್ಲಾವನ್ನು ಬಳಸಿ ಬಿಸಿ ಸೀಮೆಗೆ ಹೊಂದುವ ತಳಿಗಳನ್ನು ಬೆಳೆಸಿದರು. ಆ ದಾರಿಯ ತಳಿಗಳು ನಮ್ಮ ತಾಲ್ಲೂಕುಗಳ ನರ್ಸರಿಗೆ ಬರುವ ತನಕ ಹಿತ್ತಲ ಜವಾರಿ ಗುಲಾಬಿಯೇ ವಾಸಿ. ಹೂ ಸಣ್ಣದು, ವಾಸನೆ ಗಟ್ಟಿ, ಆರೈಕೆಯ ಕಾಟ ಕಡಿಮೆ. ಮುಂದಿನ ಮುಂಗಾರಿಗೆ ಕುರ್ಪಿ ಹಿಡಿಯುವ ಮೊದಲು ಯಾವುದು ತುಂಬೆ, ಯಾವುದು ಕಾಂಗ್ರೆಸ್ ಕಸ ಎಂದು ಒಮ್ಮೆ ಬಗ್ಗಿ ನೋಡಿ, ಕಸವನ್ನಷ್ಟೇ ಕೀಳಿ.