ಚಳಿಯಲ್ಲಿ ಮೊದಲು ಹಾರುವ ಚಿಟ್ಟೆ

ಮಾಗಿಯ ಭಾನುವಾರ ಹೈದರಾಬಾದಿನ ಅಬಿಡ್ಸ್ ಪೇಟೆ ತಡವಾಗಿ ಏಳುತ್ತದೆ. ಬಾಗಿಲು ಹಾಕಿದ ಅಂಗಡಿಗಳ ಮುಂದೆ ಹಳೆಯ ಪುಸ್ತಕಗಳನ್ನು ಹರಡುವವರು ಬರುವ ಹೊತ್ತಿಗೆ, ಒಳಗಲ್ಲಿಗಳ ಕಾಂಪೌಂಡುಗಳಲ್ಲಿ ಉಳಿದುಕೊಂಡಿರುವ ಕರಿಬೇವು, ನಿಂಬೆ, ಕಕ್ಕೆ ಗಿಡಗಳಿಗೆ ಎಳೆಬಿಸಿಲು ತಾಗಿರುತ್ತದೆ. ಚಿಟ್ಟೆ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಅವು ಇನ್ನೂ ಹಾರಿರುವುದಿಲ್ಲ, ಹಾರಲು ಅಣಿಯಾಗುತ್ತಿರುತ್ತವೆ.

ಆ ಸಿದ್ಧತೆಯೇ ಒಂದು ಸೊಗಸು. ನಿಂಬೆ ಚಿಟ್ಟೆ ರೆಕ್ಕೆಗಳನ್ನು ಅಗಲವಾಗಿ ಬಿಚ್ಚಿ ಬೆನ್ನನ್ನು ಸೂರ್ಯನಿಗೆ ಒಡ್ಡುತ್ತದೆ. ಕಕ್ಕೆಯ ಎಲೆ ತಿಂದು ಬೆಳೆದ ತಿಳಿಹಳದಿ ಚಿಟ್ಟೆಯ ರೀತಿ ಬೇರೆ. ಅದು ರೆಕ್ಕೆ ಜೋಡಿಸಿ, ಮೈ ಓರೆ ಮಾಡಿ, ಒಂದು ಮಗ್ಗುಲನ್ನು ಮಾತ್ರ ಬಿಸಿಲಿಗೆ ಕೊಡುತ್ತದೆ. ರೆಕ್ಕೆ ಬಡಿಯುವ ಸ್ನಾಯುಗಳಿರುವುದು ಎದೆಯಲ್ಲಿ. ಎದೆ ಕಾಯದೆ ಹಾರಾಟವಿಲ್ಲ.

ಈ ಹಳದಿ ಚಿಟ್ಟೆಯ ಹತ್ತಿರದ ನೆಂಟ ಕೋಲಿಯಾಸ್ ಎಂಬ ಚಿಟ್ಟೆಗಳ ಕುಲ. ಅದರ ಒಂದು ಜಾತಿ ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಲ್ಲಿದೆ. ಅಮೆರಿಕದ ಕೊಲೊರಾಡೊ ಬೆಟ್ಟಗಳ ಕೋಲಿಯಾಸ್‌ಗಳನ್ನು ವಾರ್ಡ್ ವಾಟ್ ಎಂಬ ವಿಜ್ಞಾನಿ 1960ರ ದಶಕದಿಂದ ಅಭ್ಯಾಸ ಮಾಡಿದರು. ಮೈ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದ ಮೇಲೆಯೇ ಅವು ಬಲವಾಗಿ ಹಾರುತ್ತವೆ. ಎತ್ತರದ ತಂಪು ನೆಲೆಗಳಲ್ಲಿ ಅವುಗಳ ಹಿಂದಿನ ರೆಕ್ಕೆಯ ಕೆಳಭಾಗ ಹೆಚ್ಚು ಕಪ್ಪು. ಆ ಕಪ್ಪು ಬಿಸಿಲನ್ನು ಹೀರಿ ಮೈಗೆ ದಾಟಿಸುತ್ತದೆ.

ಇಷ್ಟು ಕಣ್ಣಿಗೆ ಸಿಗುವ ಚೆಲುವು. ಒಳಗಿನದು ಇನ್ನೂ ಸೂಕ್ಷ್ಮ. ಮಕರಂದದ ಸಕ್ಕರೆ ಸ್ನಾಯುವಿನ ಶಕ್ತಿಯಾಗುವ ಹಾದಿಯ ಮೊದಲ ಮೆಟ್ಟಿಲುಗಳಲ್ಲೇ ಫಾಸ್ಫೊಗ್ಲೂಕೋಸ್ ಐಸೊಮರೇಸ್ ಎಂಬ ಕಿಣ್ವವಿದೆ. ಅದನ್ನು ರೂಪಿಸುವ ಜೀನ್ ಒಂದೇ ಜಾತಿಯ ಚಿಟ್ಟೆಗಳಲ್ಲೂ ಹಲವು ಬಗೆಯಾಗಿದೆ. ಚುರುಕಾಗಿ ಕೆಲಸ ಮಾಡುವ ಬಗೆ ಬಿಸಿ ಏರಿದರೆ ಬೇಗ ಕೆಡುತ್ತದೆ, ಬಿಸಿ ತಾಳುವ ಬಗೆ ನಿಧಾನ. ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು ಬಗೆ ಪಡೆದ ಕೆಲವು ಚಿಟ್ಟೆಗಳು ಬೆಳಗಿನ ತಂಪಿನಲ್ಲೇ ಮೊದಲು ಎದ್ದು, ದಿನದ ಹೆಚ್ಚು ಹೊತ್ತು ಹಾರುವುದನ್ನು ವಾಟ್ ಕಂಡರು.

ಫಿನ್ಲೆಂಡಿನ ಓಲಂಡ್ ದ್ವೀಪಗಳಲ್ಲಿ ಸುಮಾರು 4,000 ಪುಟ್ಟ ಹುಲ್ಲುಗಾವಲುಗಳಲ್ಲಿ ಗ್ಲಾನ್‌ವಿಲ್ ಫ್ರಿಟಿಲರಿ ಎಂಬ ಚಿಟ್ಟೆಯನ್ನು ಇಲ್ಕ ಹನ್ಸ್ಕಿ ಮತ್ತು ಅವರ ಬಳಗ ದಶಕಗಳ ಕಾಲ ಗಮನಿಸಿತು. ಅಲ್ಲಿಯೂ ಅದೇ ಜೀನಿನ ಕಥೆ. ರೇಡಾರಿಗೆ ಕಾಣುವ ಪುಟ್ಟ ಸಾಧನವನ್ನು ಮೈಗೆ ಅಂಟಿಸಿ ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ತಂಪು ಹೊತ್ತಿನಲ್ಲಿ ದೂರ ಹೋದವು ಜೀನಿನ ಎರಡು ಬಗೆಗಳ ಬೆರಕೆ ಪಡೆದ ಚಿಟ್ಟೆಗಳೇ. ಅಂಥ ಹೆಣ್ಣುಗಳು ದಿನದಲ್ಲಿ ಬೇಗ ಮೊಟ್ಟೆಯಿಡಲು ತೊಡಗುತ್ತವೆ, ಒಂದೊಂದು ಗೊಂಚಲಿನಲ್ಲಿ ಹೆಚ್ಚು ಮೊಟ್ಟೆ ಇಡುತ್ತವೆ. ಬೆಳಗಿನ ತುಸು ಮುಂಚಿನ ಹಾರಾಟ ಮುಂದಿನ ತಲೆಮಾರನ್ನು ಮುಟ್ಟುವುದು ಹೀಗೆ.

ಹಾಗಾದರೆ ಎಲ್ಲ ಚಿಟ್ಟೆಗಳೂ ಅಂಥವೇ ಏಕೆ ಆಗಲಿಲ್ಲ? ನನ್ನನ್ನು ಹೆಚ್ಚು ಮುದಗೊಳಿಸುವುದು ಇದರ ಉತ್ತರ. ಬೆರಕೆ ಸಂತಾನದಲ್ಲಿ ಮತ್ತೆ ಬೇರ್ಪಡುತ್ತದೆ. ಇಂಥ ಎರಡು ಚಿಟ್ಟೆಗಳು ಕೂಡಿದರೂ ಸರಾಸರಿ ಅರ್ಧದಷ್ಟು ಮರಿಗಳಿಗೆ ಮಾತ್ರ ಅದು ದಕ್ಕುತ್ತದೆ. ಉಳಿದವು ಎಲೆಯ ಮೇಲೆ ಇನ್ನಷ್ಟು ಹೊತ್ತು ಕಾಯುತ್ತವೆ. ಬೆರಕೆಗೆ ಸಿಗುವ ಮೇಲುಗೈಯೇ ಎರಡು ಬಗೆಗಳನ್ನೂ ಗುಂಪಿನಲ್ಲಿ ಉಳಿಸುತ್ತದೆ. ಹಾಗಾಗಿ ಮೊದಲು ಹಾರುವ ಚಿಟ್ಟೆಗಳ ಸಂತಾನದಲ್ಲಿ ತಡವಾಗಿ ಹಾರುವವೂ ಪ್ರತಿ ತಲೆಮಾರಿನಲ್ಲೂ ಹುಟ್ಟುತ್ತಲೇ ಇರುತ್ತವೆ.

ಬಗೆಬಗೆಯ ಜೀನುಗಳ ಈ ಸಂಪತ್ತು ಉಳಿಯಲು ಸಂಖ್ಯೆ ಬೇಕು. ಗುಂಪು ಚಿಕ್ಕದಾಗಿ, ರಕ್ತಸಂಬಂಧದಲ್ಲೇ ಕೂಡಿ ವೈವಿಧ್ಯ ಕರಗಿದಾಗ ಆ ಗುಂಪು ಅಳಿಯುವ ಅಪಾಯ ಹೆಚ್ಚುತ್ತದೆ ಎಂಬುದನ್ನು ಓಲಂಡಿನ ಚಿಟ್ಟೆಗಳಲ್ಲಿ 1998ರಲ್ಲೇ ತೋರಿಸಲಾಗಿತ್ತು. ಅಬಿಡ್ಸ್‌ನಂಥ ಕಿಕ್ಕಿರಿದ ಪೇಟೆಯಲ್ಲಿ ಒಂದು ಕಕ್ಕೆ ಮರ, ಒಂದು ನಿಂಬೆ ಗಿಡ ಉಳಿಸಿಕೊಳ್ಳುವವರು ಚಿಟ್ಟೆಗಳ ಈ ಬಗೆಬಗೆಯನ್ನೂ ಪೊರೆಯುತ್ತಿದ್ದಾರೆ.