ಬಸವ ಯಾರ ಹೆಸರು?

ಬಸಪ್ಪ, ಬಸವರಾಜ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ‘ಲಿಂಗಾಯತರಿರಬೇಕು’ ಎಂದು ಲೆಕ್ಕ ಹಾಕುವವರೇ ಹೆಚ್ಚು. ಈ ಲೆಕ್ಕ ಅವಸರದ್ದು. ಬಸವ ಎಂದರೆ ಮೊದಲು ಎತ್ತು, ಶಿವನ ಮುಂದೆ ಕೂತ ನಂದಿ. ವೃಷಭ ಶಬ್ದದ ತದ್ಭವ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ, ಅವನನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬರೆದ ಬಸವಪುರಾಣಗಳ ಕಥೆಯೂ ಹಾಗೆಯೇ ಇದೆ: ಬಸವಣ್ಣನ ತಾಯಿ ನಂದಿಯ ವ್ರತ ಹಿಡಿದಳು, ಮಗ ಹುಟ್ಟಿದ, ಅವನಿಗೆ ಆ ಹೆಸರೇ ಬಂತು. ಪುರಾಣ ಚರಿತ್ರೆಯಲ್ಲ, ಒಪ್ಪೋಣ. ಆದರೆ ಬಸವಣ್ಣನ ಭಕ್ತರೇ ಆ ಹೆಸರಿನ ಬೇರನ್ನು ನಂದಿಯಲ್ಲಿ ಕಂಡರು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೆಸರು ಇಷ್ಟು ಹರಡಿದ್ದು ಕಲ್ಯಾಣದ ಶರಣ ಬಸವಣ್ಣನಿಂದಲೇ ಅಲ್ಲವೇ ಎಂದು ಕೇಳಬಹುದು. ಉತ್ತರ ಕರ್ನಾಟಕದ ಮಟ್ಟಿಗೆ ಹೌದು, ಬಹುಪಾಲು. ಆದರೆ ಮಂಡ್ಯ, ಮೈಸೂರು ಕಡೆಯ ಒಕ್ಕಲಿಗರ ಬಸವೇಗೌಡ, ದಲಿತ ಕೇರಿಯ ಬಸವಯ್ಯ ಇವರನ್ನು ಎಲ್ಲಿಡುವುದು? ಅಲ್ಲಿ ದೇವರಿಗೆ ಬಿಟ್ಟ ಬಸವ ಯಾರ ಹೊಲ ಹೊಕ್ಕರೂ ದೊಣ್ಣೆ ಎತ್ತುವವರಿಲ್ಲ. ಸತ್ತರೆ ಹೂವಿನ ಹಾರ ಹಾಕಿ, ಮೆರವಣಿಗೆ ಮಾಡಿ, ಊರೇ ಸೇರಿ ಮಣ್ಣು ಮಾಡುತ್ತದೆ. ಆ ಭಕ್ತಿಗೆ ಜಾತಿಯ ಗಡಿಯಿಲ್ಲ, ಮಕ್ಕಳಿಗಿಡುವ ಹೆಸರಿಗೂ ಇಲ್ಲ. ದೇವರಾಜ ಅರಸರ ಸಂಪುಟದಲ್ಲಿದ್ದು ಕನ್ನಡ ಸಾಹಿತ್ಯದ ಕುರಿತ ಮಾತಿನಿಂದ ಎದ್ದ 1973ರ ಬೂಸಾ ವಿವಾದದಲ್ಲಿ ಅಧಿಕಾರ ಕಳೆದುಕೊಂಡ ಬಿ. ಬಸವಲಿಂಗಪ್ಪ ದಲಿತ ನಾಯಕರು. ಆಂಧ್ರದ ಕಮ್ಯುನಿಸ್ಟ್ ಮುಖಂಡ ಮಾಕಿನೇನಿ ಬಸವಪುನ್ನಯ್ಯ ಲಿಂಗಾಯತರೇನಲ್ಲ. ಎನ್.ಟಿ. ರಾಮರಾಯರ ಪತ್ನಿಯ ಹೆಸರು ಬಸವತಾರಕಂ.

ಹಾಗಾದರೆ ಈ ಹೆಸರು ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ಸುಳಿವಿರುವುದು ಹೆಚ್ಚಾಗಿ ಬಾಲದಲ್ಲಿ. ಗೌಡ ಎಂದರೆ ಒಂದು ಸೀಮೆ, ಅಯ್ಯ ಎಂದರೆ ಇನ್ನೊಂದು. ಧಾರವಾಡದ ಕಡೆ ಓರಗೆಯವರ ಬಾಯಲ್ಲಿ ಬಸ್ಯಾ ಆದವನು ಕಿರಿಯರಿಗೆ ಬಸಣ್ಣ, ವಯಸ್ಸಾದಂತೆ ಬಸಪ್ಪ; ಹೆಣ್ಣಾದರೆ ಬಸವ್ವ. ಅಣ್ಣ, ಅಪ್ಪ, ಅವ್ವ ಇವು ಬಿರುದುಗಳಲ್ಲ, ಮನೆಯ ನಂಟಿನ ಮಾತುಗಳು. ದೊರೆ ಬಿಜ್ಜಳನ ಭಂಡಾರ ನೋಡಿಕೊಂಡ ಆ ಶರಣನನ್ನೂ ಕನ್ನಡ ಅಣ್ಣ ಎಂದೇ ಕರೆಯಿತು. ಬಸವೇಶ್ವರ ಎಂಬ ರೂಪಕ್ಕೆ ಗೌರವವಿದೆ, ಆ ಸಲಿಗೆ ಇಲ್ಲ. ಶಾಲೆಯ ದಾಖಲೆಗೆ ಬಸವರಾಜ ಎಂದು ಬರೆಸುವವರು ಬರೆಸಲಿ. ಆದರೆ ಬಸಪ್ಪ ಎನ್ನುವುದು ಹಳೇಕಾಲದ್ದು, ಹಳ್ಳಿಯದ್ದು ಎಂದು ಹಿಂಜರಿಯುವವರು ಒಂದನ್ನು ನೆನೆಯಬಹುದು: 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರ ಪೂರ್ಣ ಹೆಸರು ಬಸಪ್ಪ ದಾನಪ್ಪ ಜತ್ತಿ.